ವಾಹಿನಿ ಕೈ ಬದಲಾದಾಗ ಜಿಲ್ಲೆಯವರು ನೋಡಬೇಕಾದ ಕಾಗದಗಳು

ನಷ್ಟದಲ್ಲಿರುವ ಪ್ರಾದೇಶಿಕ ವಾಹಿನಿಯೊಂದನ್ನು ಹೊಸಬರು ಕೊಂಡರು ಎಂಬ ಸುದ್ದಿ ಶಿವಮೊಗ್ಗದಂಥ ಊರಿಗೆ ಬರುವುದು ಎಲ್ಲರಿಗಿಂತ ಕೊನೆಗೆ. ಬೆಂಗಳೂರಿನ ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ಮೊದಲು, ಡೆಸ್ಕಿನವರಿಗೆ ಆಮೇಲೆ ಗೊತ್ತಾಗಿ, ಸಾಗರ, ಹೊಸನಗರ, ತೀರ್ಥಹಳ್ಳಿಯ ಸ್ಟ್ರಿಂಗರುಗಳಿಗೆ (ಸುದ್ದಿಯ ಲೆಕ್ಕದಲ್ಲಿ ಹಣ ಪಡೆಯುವ ಸ್ಥಳೀಯ ವರದಿಗಾರರಿಗೆ) ಅದು ತಲುಪುವ ಹೊತ್ತಿಗೆ ‘ಎಲ್ಲ ಸರಿಹೋಗುತ್ತದಂತೆ’ ಎಂಬ ಮಾತೂ ‘ಮುಚ್ಚಿಬಿಡುತ್ತಾರಂತೆ’ ಎಂಬ ಮಾತೂ ಒಟ್ಟಿಗೇ ಬಂದಿರುತ್ತವೆ. ಎರಡನ್ನೂ ನಂಬಬೇಕಾಗಿಲ್ಲ. ಹೆಡ್ ಆಫೀಸಿನ ಯಾರ ಬಾಯಿಂದಲೂ ಕೇಳದೆ, ತಮ್ಮ ಕೈಯಲ್ಲೇ ಇರುವ ಅಥವಾ ಸಾರ್ವಜನಿಕವಾಗಿ ಸಿಗುವ ಕಾಗದಗಳಿಂದ ಪರಿಸ್ಥಿತಿಯನ್ನು ತಿಳಿದುಕೊಳ್ಳುವುದು ಹೇಗೆ, ಬಾಕಿ ಹಣವನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಜಿಲ್ಲೆಯ ವರದಿಗಾರರು, ಕ್ಯಾಮೆರಾದವರು, ಕೇಬಲ್ ಆಪರೇಟರುಗಳು ಮತ್ತು ಜಾಹೀರಾತು ಕೊಡುವ ವ್ಯಾಪಾರಸ್ಥರಿಗಾಗಿ ಇಲ್ಲಿ ಬರೆದಿದೆ.

ಮಾರಾಟವಾದದ್ದು ಏನು?

ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇದೊಂದೇ. ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ‘ವಾಹಿನಿ ಮಾರಾಟವಾಯಿತು’ ಎಂಬ ಒಂದೇ ಮಾತಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ವ್ಯವಹಾರಗಳು ಅಡಗಿರಬಹುದು. ಕಂಪನಿಯ ಷೇರುಗಳನ್ನು ಮಾತ್ರ ಕೊಂಡಿದ್ದರೆ ಕಂಪನಿ ಹಳೆಯದೇ ಆಗಿ ಉಳಿಯುತ್ತದೆ, ಒಡೆಯರಷ್ಟೇ ಬದಲಾಗುತ್ತಾರೆ. ಆದ್ದರಿಂದ ನಿಮಗೆ ಬರಬೇಕಾದ ಬಾಕಿಯೂ ಅದೇ ಕಂಪನಿಯ ತಲೆಯ ಮೇಲೆಯೇ ಇರುತ್ತದೆ, ‘ಅದು ಹಳಬರ ಕಾಲದ್ದು’ ಎಂದು ಹೊಸಬರು ಕೈತೊಳೆದುಕೊಳ್ಳಲು ಬರುವುದಿಲ್ಲ. ವಾಹಿನಿಯ ವ್ಯವಹಾರವನ್ನು ಇನ್ನೊಂದು ಕಂಪನಿಗೆ ವರ್ಗಾಯಿಸಿದ್ದರೆ ಹಳೆಯ ಬಾಕಿ ಯಾರ ಪಾಲಿಗೆ ಎಂಬುದು ಅವರಿಬ್ಬರ ಒಪ್ಪಂದದಲ್ಲಿ ಬರೆದಂತೆ, ಮತ್ತು ಆ ಒಪ್ಪಂದವನ್ನು ಜಿಲ್ಲೆಯಲ್ಲಿ ಯಾರೂ ನೋಡಿರುವುದಿಲ್ಲ. ಮೂರನೆಯದು ನಮ್ಮ ಕಡೆಯ ಅಡಿಕೆ ತೋಟದ ಚೇಣಿಯಂತೆ: ತೋಟ ಮಾಲೀಕನ ಹೆಸರಿನಲ್ಲೇ ಇರುತ್ತದೆ, ಆ ವರ್ಷದ ಅಡಿಕೆ ಗೊನೆ ಕೊಯ್ಯುವವನು ಮಾತ್ರ ಬೇರೆ. ಇಂಥ ಏರ್ಪಾಡಿನಲ್ಲಿ ಹೊಸದಾಗಿ ಬಂದವರು ಆಡಳಿತ ನಡೆಸುತ್ತಾರೆ, ಜಾಹೀರಾತು ಹಣ ಎತ್ತುತ್ತಾರೆ, ಆದರೆ ಹೊಣೆ ಯಾವುದನ್ನೂ ಹೊತ್ತಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಜಿಲ್ಲೆಯವರಿಗೆ ಅತ್ಯಂತ ಅಪಾಯದ್ದು ಇದೇ.

ಇವುಗಳಲ್ಲಿ ಯಾವುದು ನಡೆದಿದೆ ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಶಿವಮೊಗ್ಗದ ದುರ್ಗಿಗುಡಿಯ ಯಾವುದಾದರೂ ಅಂಗಡಿಯವರು ವಾಹಿನಿಗೆ ಜಾಹೀರಾತು ಕೊಟ್ಟಿದ್ದರೆ ಅವರ ಬಳಿ ಹಳೆಯದೊಂದು ಬಿಲ್ಲೂ ಹೊಸದೊಂದು ಬಿಲ್ಲೂ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಜಿಎಸ್‌ಟಿ ಸಂಖ್ಯೆಯನ್ನು ನೋಡಿ. ಅದು 15 ಅಕ್ಷರಗಳ ಸಂಖ್ಯೆ. ಮೊದಲ ಎರಡು ಅಂಕಿಗಳು ರಾಜ್ಯದ್ದು, ಕರ್ನಾಟಕಕ್ಕೆ 29. ಅದರ ನಂತರದ ಹತ್ತು ಅಕ್ಷರಗಳು ಕಂಪನಿಯ ಪ್ಯಾನ್. ಲೋಗೋ, ಲೆಟರ್‌ಹೆಡ್, ವಾಹಿನಿಯ ಹೆಸರು ಎಲ್ಲವೂ ಬದಲಾಗಿದ್ದರೂ ಆ ಹತ್ತು ಅಕ್ಷರಗಳು ಮೊದಲಿನವೇ ಆಗಿದ್ದರೆ ಕಂಪನಿ ಅದೇ. ಅವು ಬದಲಾಗಿದ್ದರೆ ನೀವೀಗ ಕೆಲಸ ಮಾಡುತ್ತಿರುವುದು ಕಾನೂನಿನ ಕಣ್ಣಿನಲ್ಲಿ ಬೇರೊಬ್ಬರಿಗೆ.

ಇದರ ಜೊತೆಗೆ ಇನ್ನೆರಡನ್ನು ನೋಡಬೇಕು. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ನಿರ್ದೇಶಕರ ಹೆಸರುಗಳು, ಅದರ ಆಸ್ತಿಯ ಮೇಲೆ ಸಾಲ ಕೊಟ್ಟ ಯಾರ ಋಣಭಾರವಿದೆ ಎಂಬ ವಿವರ ಸಿಗುತ್ತದೆ. ಸಣ್ಣ ಶುಲ್ಕ ಕಟ್ಟಿದರೆ ಸಲ್ಲಿಕೆಯಾಗಿರುವ ಆಯವ್ಯಯ ಪಟ್ಟಿಯನ್ನೂ ಓದಬಹುದು. ಅದರಲ್ಲಿ ನಷ್ಟದ ಅಂಕಿಗಿಂತ ಮೊದಲು ಲೆಕ್ಕ ಪರಿಶೋಧಕರ ವರದಿಯನ್ನು ಓದಿ. ಕಂಪನಿ ಮುಂದೆಯೂ ನಡೆದುಕೊಂಡು ಹೋಗುವ ಬಗ್ಗೆ ಅವರು ಸಂದೇಹ ಬರೆದಿದ್ದರೆ ಅದನ್ನು ಲಘುವಾಗಿ ಎಣಿಸಬಾರದು. ಇನ್ನೊಂದು, ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಪ್ರಕಟಿಸುವ ಅನುಮತಿ ಪಡೆದ ವಾಹಿನಿಗಳ ಪಟ್ಟಿ. 2022ರ ಅಪ್‌ಲಿಂಕಿಂಗ್ ಮತ್ತು ಡೌನ್‌ಲಿಂಕಿಂಗ್ (ಉಪಗ್ರಹಕ್ಕೆ ಸಿಗ್ನಲ್ ಏರಿಸುವ, ಇಳಿಸುವ) ಮಾರ್ಗಸೂಚಿಯ ಪ್ರಕಾರ ವಾಹಿನಿಯ ಅನುಮತಿಯನ್ನು ಸಚಿವಾಲಯದ ಪೂರ್ವಾನುಮೋದನೆಯಿಲ್ಲದೆ ಇನ್ನೊಂದು ಕಂಪನಿಗೆ ವರ್ಗಾಯಿಸುವಂತಿಲ್ಲ. ಸುದ್ದಿ ವಾಹಿನಿಯ ಅನುಮತಿ ಪಡೆಯುವ ಕಂಪನಿ ಮೊದಲ ವಾಹಿನಿಗೆ 20 ಕೋಟಿ ರೂಪಾಯಿಯ ನಿವ್ವಳ ಮೌಲ್ಯ ತೋರಿಸಬೇಕು. ಬಿಲ್ಲಿನಲ್ಲಿ ಒಂದು ಕಂಪನಿ, ಪಟ್ಟಿಯಲ್ಲಿ ಇನ್ನೊಂದು ಕಂಪನಿ ಕಂಡರೆ ವ್ಯವಹಾರ ಇನ್ನೂ ಅರ್ಧದಾರಿಯಲ್ಲಿದೆ ಅಥವಾ ಚೇಣಿಯ ಬಗೆಯದು ಎಂದು ತಿಳಿದು, ಎರಡೂ ಕಡೆ ಒಂದೇ ಕಂಪನಿ ಕಾಣುವವರೆಗೆ ಯಾವ ಹೊಸ ಸಾಲವನ್ನೂ ಕೊಡದಿರುವುದು ಕ್ಷೇಮ.

ಉಳಿಯುವ ಸೂಚನೆ, ಮುಚ್ಚುವ ಸೂಚನೆ

ಕೊಂಡವರು ದೊಡ್ಡವರು, ಹಾಗಾಗಿ ಹೆದರಬೇಕಾಗಿಲ್ಲ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಭದ್ರಾವತಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಅಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೇಲ್‌ನಂಥ ಸಂಸ್ಥೆಯಲ್ಲಿ ವಿಲೀನವಾಗಿಯೂ 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವನ್ನು ಎದುರಿಸಬೇಕಾಯಿತು. ಟಿ.ವಿ. ಲೋಕದಲ್ಲೂ ಇದೇ ಕಥೆ. ಲಾಭದಲ್ಲಿದ್ದ ಸನ್ ಸಮೂಹವೇ ಉದಯ ನ್ಯೂಸ್ ವಾಹಿನಿಯನ್ನು 2017ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಇದಕ್ಕೆ ವಿರುದ್ಧವಾಗಿ, ನೆಟ್‌ವರ್ಕ್18 ಕೈಗೆ ಹೋದ ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಗಿ ಮುಂದುವರಿಯಿತು; ಹೆಸರು ಹೋಯಿತು, ವಾಹಿನಿ ಉಳಿಯಿತು. ಒಡೆಯನ ಶ್ರೀಮಂತಿಕೆಗಿಂತ ಈ ವಾಹಿನಿಯಿಂದ ಅವನಿಗೆ ಏನಾಗಬೇಕಿದೆ ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತ. ಸಾಲ ಕೊಟ್ಟವರೇ ಒಡೆಯರಾಗುವುದೂ ಉಂಟು: 2022ರಲ್ಲಿ ಎನ್‌ಡಿಟಿವಿ ಅದಾನಿ ಸಮೂಹದ ಪಾಲಾದದ್ದರ ಬೇರು 2009ರಲ್ಲಿ ಅದರ ಪ್ರವರ್ತಕರ ಕಂಪನಿ ಪಡೆದ ಸುಮಾರು 400 ಕೋಟಿ ರೂಪಾಯಿಯ ಸಾಲದಲ್ಲಿತ್ತು. ಋಣಭಾರದ ಪಟ್ಟಿಯನ್ನು ಓದಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ನಷ್ಟದ ವಾಹಿನಿಯ ಖರ್ಚಿನಲ್ಲಿ ಮೊದಲು ನಿಲ್ಲುವುದು ಯಾವುದು ಎಂಬುದರಿಂದಲೂ ಅದರ ಗತಿ ತಿಳಿಯುತ್ತದೆ. ಉಚಿತವಾಗಿ ಸಿಗುವ ಸುದ್ದಿ ವಾಹಿನಿಗೆ ಚಂದಾ ಹಣವಿಲ್ಲ. ಜಾಹೀರಾತಿಗೆ ಗಂಟೆಗೆ 12 ನಿಮಿಷದ ಮಿತಿಯಿದೆ, ಅದರಲ್ಲೂ ಎರಡು ನಿಮಿಷ ತನ್ನದೇ ಪ್ರಚಾರಕ್ಕೆ. ಆದರೆ ಕೇಬಲ್ ಮತ್ತು ಡಿಟಿಎಚ್ ಜಾಲದವರಿಗೆ ವಾಹಿನಿಯನ್ನು ಹೊತ್ತು ತೋರಿಸುವ ಕ್ಯಾರೇಜ್ ಶುಲ್ಕ, ಉಪಗ್ರಹಕ್ಕೂ ಅದಕ್ಕೆ ಸಿಗ್ನಲ್ ಏರಿಸುವ ಟೆಲಿಪೋರ್ಟಿಗೂ ಬಾಡಿಗೆ ತಪ್ಪುವುದಿಲ್ಲ. ಹೊಸ ಒಡೆಯರು ಈ ಕೊನೆಯ ಬಾಬತ್ತುಗಳನ್ನು ಕಟ್ಟುತ್ತಿದ್ದರೆ ವಾಹಿನಿಯನ್ನು ನಡೆಸುವ ಮನಸ್ಸು ಅವರಿಗಿದೆ ಎಂದು ಧೈರ್ಯವಾಗಿ ಹೇಳಬಹುದು. ಕಟ್ಟದಿದ್ದರೆ ವಾಹಿನಿ ಒಂದೊಂದೇ ಜಾಲದಿಂದ ಕಾಣೆಯಾಗತೊಡಗುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದಂತೆ ಸಿಗ್ನಲ್ ಕಡಿತಕ್ಕೆ ಕನಿಷ್ಠ ಮೂರು ವಾರಗಳ ನೋಟಿಸು ಕೊಡಬೇಕು. ಹಾಗಾಗಿ ನಿಮ್ಮ ಊರಿನ ಕೇಬಲ್ ಆಪರೇಟರನ್ನು ವಿಚಾರಿಸಿದರೆ ಅವರಿಗೆ ಸಿಗ್ನಲ್ ಒದಗಿಸುವ ದೊಡ್ಡ ಕೇಬಲ್ ಸಂಸ್ಥೆಯ (ಎಂಎಸ್‌ಒ) ಕಡೆಯಿಂದ ಅಂಥ ಸೂಚನೆ ಬಂದಿದೆಯೇ ಎಂಬುದು ಪರದೆ ಕಪ್ಪಾಗುವ ಮೊದಲೇ ಗೊತ್ತಾಗುತ್ತದೆ. ಆಷಾಢದ ಮಳೆಯಲ್ಲಿ ಡಿಟಿಎಚ್ ಸಿಗ್ನಲ್ ಹೋಗುವುದು ಮಲೆನಾಡಿನಲ್ಲಿ ನಿತ್ಯದ ಮಾತಾದ್ದರಿಂದ, ಒಂದೇ ವಾಹಿನಿ ಬರುತ್ತಿಲ್ಲವೋ ಎಲ್ಲವೂ ಬರುತ್ತಿಲ್ಲವೋ ಎಂದು ನೋಡದೆ ಸುದ್ದಿ ಹಬ್ಬಿಸಬೇಡಿ.

ಜಿಲ್ಲೆಯ ಮಟ್ಟದಲ್ಲಿ ಕಾಣುವ ಗುರುತುಗಳೂ ಇವೆ. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆಗಳಿಗೆ ಸೇರಿ ಒಬ್ಬರೇ ವರದಿಗಾರರನ್ನು ಉಳಿಸುವುದು, ಲಿಂಗನಮಕ್ಕಿ ನೀರಿನ ಮಟ್ಟಕ್ಕೋ ಮಂಗನ ಕಾಯಿಲೆಯ ಸುದ್ದಿಗೋ ‘ಫೋನಿನಲ್ಲೇ ಕೊಡಿ, ಹೋಗಬೇಡಿ’ ಎನ್ನುವುದು ಖರ್ಚು ಕಡಿತ ಮಾತ್ರ. ಅದರಿಂದ ವಾಹಿನಿ ಮುಚ್ಚುತ್ತದೆಂದು ಹೇಳಲಾಗದು. ಭವಿಷ್ಯನಿಧಿ ನಿಂತರೆ ಅದು ಬೇರೆ ಮಾತು. ಸಂಬಳದಿಂದ ಕಡಿದ ಪಿಎಫ್ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕೆಂಬ ನಿಯಮವಿದೆ. ನಿಮ್ಮ ಯುಎಎನ್ (ಪಿಎಫ್ ಖಾತೆ ಸಂಖ್ಯೆ) ಪಾಸ್‌ಬುಕ್ಕಿನಲ್ಲಿ ಎರಡು ತಿಂಗಳ ಸಾಲು ಖಾಲಿಯಿದ್ದರೆ, ಸ್ಟುಡಿಯೋದಲ್ಲಿ ಎಷ್ಟೇ ಹೊಸ ದೀಪ ಹಾಕಿರಲಿ, ಬೇರೆ ಕೆಲಸ ಹುಡುಕುವ ಕಾಲ ಬಂದಿದೆ.

ಬಾಕಿಯನ್ನು ಕಾಗದಕ್ಕೆ ಇಳಿಸುವುದು

ಸ್ಟ್ರಿಂಗರುಗಳ ದೊಡ್ಡ ತೊಂದರೆಯೆಂದರೆ ನೇಮಕಾತಿ ಪತ್ರವೇ ಇರುವುದಿಲ್ಲ. ಸುದ್ದಿಗೆ ಇಷ್ಟು ಎಂಬ ಲೆಕ್ಕ ಫೋನಿನಲ್ಲಿ ಆದದ್ದು. ಆದರೂ ಸಾಕ್ಷ್ಯ ಇಲ್ಲದೆ ಇಲ್ಲ. ಕಂಪನಿ ಎಂದಾದರೂ ನಿಮ್ಮ ಹಣದಲ್ಲಿ ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಹಿಡಿದು ಕಟ್ಟಿದ್ದರೆ ಆದಾಯ ತೆರಿಗೆ ಜಾಲತಾಣದ ಫಾರಂ 26ಎಎಸ್‌ನಲ್ಲಿ ಕಂಪನಿಯ ಹೆಸರು, ದಿನಾಂಕ, ಮೊತ್ತ ಮೂರೂ ಇರುತ್ತವೆ. ನಿಮ್ಮ ಜೊತೆ ಹಣದ ವ್ಯವಹಾರವಿತ್ತೆಂದು ಅವರೇ ಸರ್ಕಾರಕ್ಕೆ ಬರೆದುಕೊಟ್ಟ ಕಾಗದ ಅದು, ಇಂದೇ ಇಳಿಸಿಟ್ಟುಕೊಳ್ಳಿ. ಅದರ ಜೊತೆಗೆ ಸುದ್ದಿ ಕಳಿಸಿದ ಇಮೇಲುಗಳು, ಡೆಸ್ಕಿನವರು ಕೇಳಿದ ವಾಟ್ಸ್‌ಆಪ್ ಸಂದೇಶಗಳು, ಬ್ಯಾಂಕಿನ ಪಾಸ್‌ಬುಕ್ ಸೇರಿಸಿ ತಿಂಗಳುವಾರು ಒಂದು ಪಟ್ಟಿ ಮಾಡಿ, ‘ಈ ದಿನಾಂಕಕ್ಕೆ ನನಗೆ ಬರಬೇಕಾದ ಬಾಕಿ ಇಷ್ಟು, ದಯವಿಟ್ಟು ದೃಢೀಕರಿಸಿ’ ಎಂದು ಹಳೆಯ ಮತ್ತು ಹೊಸ ಆಡಳಿತ ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಉತ್ತರ ಬರದಿದ್ದರೂ ಪತ್ರ ತಲುಪಿದ ಸ್ವೀಕೃತಿ ಬೇಕು. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದರಿಂದ ‘ಹೊಸಬರು ಬಂದಿದ್ದಾರೆ, ನೋಡೋಣ’ ಎಂದು ಕಳೆಯುವ ಪ್ರತಿ ದಸರೆಯೂ ಆ ಅವಧಿಯಲ್ಲೇ ಕರಗುತ್ತದೆ.

ಸ್ವಂತ ಸ್ಟುಡಿಯೋ, ಎಡಿಟಿಂಗ್ ಘಟಕ ಅಥವಾ ವಾಹನ ಇಟ್ಟುಕೊಂಡು ವಾಹಿನಿಗೆ ಸೇವೆ ಕೊಡುವವರು ಸಣ್ಣ ಉದ್ದಿಮೆಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿಕೊಂಡಿರಬೇಕು. 2006ರ ಎಂಎಸ್‌ಎಂಇ ಕಾಯ್ದೆಯಡಿ ಸಣ್ಣ ಘಟಕಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಸಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿ ಮಾತ್ರ ಕೆಲಸಕ್ಕೆ ಮೊದಲೇ ಆಗಿರುವುದು ಕ್ಷೇಮ. ಬಾಕಿ ನಿಂತ ಮೇಲೆ ಮಾಡಿಸಿದ ನೋಂದಣಿ ಹಳೆಯ ಬಿಲ್ಲಿಗೆ ನೆರವಾದೀತೆಂದು ನೆಚ್ಚಿಕೊಳ್ಳಲಾಗದು.

ಸಂಬಳದ ನೌಕರರ ಸ್ಥಿತಿ ಇದಕ್ಕಿಂತ ಗಟ್ಟಿ. ವ್ಯವಹಾರ ಬೇರೆ ಕಂಪನಿಗೆ ವರ್ಗವಾದಾಗ, ಕಾನೂನಿನಲ್ಲಿ ಕಾರ್ಮಿಕರೆಂಬ ವ್ಯಾಖ್ಯೆಯೊಳಗೆ ಬರುವ, ಒಂದು ವರ್ಷ ನಿರಂತರ ಕೆಲಸ ಮಾಡಿದವರಿಗೆ ಒಂದೋ ಸೇವೆ ಕಡಿಯದಂತೆ, ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನಲ್ಲಿ ಮುಂದುವರಿಕೆ ಸಿಗಬೇಕು, ಇಲ್ಲವೇ ನೋಟಿಸು ಮತ್ತು ಪರಿಹಾರ ಸಿಗಬೇಕು. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮ ಈಗಿನ ಕಾರ್ಮಿಕ ಸಂಹಿತೆಯಲ್ಲೂ ಇದೆ. ವ್ಯವಸ್ಥಾಪಕ ದರ್ಜೆಯವರಿಗೆ ಈ ರಕ್ಷಣೆ ಅನ್ವಯಿಸದು.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ನಿಯಮಗಳು ಬದಲಾಗುತ್ತವೆ. ಸಾರ್ವಜನಿಕ ಪ್ರಕಟಣೆಯಲ್ಲಿ ಕೊಟ್ಟ ಕೊನೆಯ ದಿನಾಂಕದೊಳಗೆ ನಿಮ್ಮ ಹಕ್ಕುಕೋರಿಕೆಯನ್ನು ಆ ಪ್ರಕ್ರಿಯೆ ನಡೆಸಲು ನೇಮಕವಾದ ರೆಸೊಲ್ಯೂಷನ್ ಪ್ರೊಫೆಷನಲ್‌ಗೆ ಸಲ್ಲಿಸಬೇಕು: ಸೇವೆ ಒದಗಿಸಿದವರು ಫಾರಂ ಬಿ, ನೌಕರರು ಫಾರಂ ಡಿ. ಬ್ಯಾಂಕುಗಳು ಸಾಲಿನ ಮುಂದೆ ನಿಂತಿರುವಾಗ ಸಣ್ಣ ಬಾಕಿದಾರರಿಗೆ ಪೂರ್ತಿ ಹಣ ಸಿಕ್ಕೀತೆಂದು ನಾನು ಭರವಸೆ ಕೊಡಲಾರೆ. ಕೋರಿಕೆ ಸಲ್ಲಿಸದವರಿಗಂತೂ ಏನೂ ಸಿಗುವುದಿಲ್ಲ.

ಜಾಹೀರಾತುದಾರರಿಗೆ ಹೇಳುವುದು ಕಡಿಮೆ. ವರ್ಷದ ಪ್ಯಾಕೇಜಿಗೆ ಮುಂಗಡ ಕೊಡಬೇಡಿ, ಗಣಪತಿ ಹಬ್ಬಕ್ಕೆ ಬೇಕಾದಷ್ಟಕ್ಕೆ ಮಾತ್ರ ರಿಲೀಸ್ ಆರ್ಡರ್ (ಜಾಹೀರಾತು ಪ್ರಸಾರಕ್ಕೆ ಕೊಡುವ ಲಿಖಿತ ಆದೇಶ) ಕೊಡಿ, ಪ್ರಸಾರವಾದದ್ದಕ್ಕೆ ಟೆಲಿಕಾಸ್ಟ್ ಸರ್ಟಿಫಿಕೇಟ್ ಬಂದ ಮೇಲೆ ಕಂಪನಿಯ ಖಾತೆಗೇ ಹಣ ಹಾಕಿ. ಪರಿಚಯದ ವರದಿಗಾರನ ಮುಖ ನೋಡಿ ಅವನ ಕೈಗೆ ನಗದು ಕೊಟ್ಟರೆ ನಾಳೆ ತೊಂದರೆಗೆ ಸಿಕ್ಕುವುದು ಅವನೇ.

ಹೊಸ ಆಡಳಿತದ ಕಾಗದಕ್ಕೆ ಸಹಿ ಹಾಕುವ ಮೊದಲು

ಲೋಗೋ ಇರುವ ಮೈಕ್, ಕ್ಯಾಮೆರಾ, ಗುರುತಿನ ಚೀಟಿಗಳನ್ನು ಹಿಂದಿರುಗಿಸುವಾಗ ವಸ್ತುವಿನ ಸಂಖ್ಯೆ ಸಹಿತ ರಸೀದಿ ಪಡೆಯಿರಿ. ವಾಹಿನಿ ಹೇಳಿ, ಹಣ ಕೊಟ್ಟು ತೆಗೆಸಿದ ದೃಶ್ಯಗಳು ಸಾಮಾನ್ಯವಾಗಿ ವಾಹಿನಿಯವೇ. ನೀವಾಗಿಯೇ ತೆಗೆದು ಮಾರದೆ ಉಳಿಸಿಕೊಂಡ ಆಗುಂಬೆಯ ಮಳೆಯ, ಕಾಡಾನೆಯ ದೃಶ್ಯಗಳು ನಿಮ್ಮವು. ಎರಡನ್ನೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದರೆ ಬೇರ್ಪಡಿಸಿ. ಮಾಧ್ಯಮ ಮಾನ್ಯತಾ ಪತ್ರದಲ್ಲಿ ಸಂಸ್ಥೆಯ ಹೆಸರಿರುವುದರಿಂದ, ಬದಲಾವಣೆಯನ್ನು ವಾರ್ತಾ ಇಲಾಖೆಯ ಜಿಲ್ಲಾ ಕಚೇರಿಗೆ ನೀವೇ ಬರೆದು ತಿಳಿಸಿ.

ಹೊಸ ಒಪ್ಪಂದಪತ್ರ ಬಂದಾಗ ಸಂಭಾವನೆಯ ಅಂಕಿಯ ಮೇಲೆ ಕಣ್ಣು ನೆಡುವುದು ಸಹಜ. ಆದರೆ ಓದಬೇಕಾದದ್ದು ಹಿಂಬದಿಯ ಸಾಲುಗಳು. ‘ಹಿಂದಿನ ಎಲ್ಲ ಲೆಕ್ಕ ಚುಕ್ತಾ ಆಗಿದೆ’ ಎಂಬರ್ಥದ ವಾಕ್ಯ ಅಲ್ಲಿ ಇದ್ದೇ ಇರುತ್ತದೆಂದು ಎಣಿಸಿ ಹುಡುಕಿ. ಬಾಕಿ ಹಣ ಖಾತೆಗೆ ಬಂದಿರದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಿಸಿ, ಅದಾಗದಿದ್ದರೆ ‘ಈ ದಿನಾಂಕದವರೆಗಿನ ಇಷ್ಟು ರೂಪಾಯಿ ಬಾಕಿಯನ್ನು ಹೊರತುಪಡಿಸಿ’ ಎಂದು ಅದರ ಪಕ್ಕದಲ್ಲೇ ಬರೆದು ಸಹಿ ಮಾಡಿ, ಒಂದು ಪ್ರತಿಯನ್ನು ಅಲ್ಲಿಯೇ ಕೇಳಿ ಪಡೆಯಿರಿ.