ನಾಲ್ಕು ಮಕ್ಕಳು, ಎರಡು ಇನಿಷಿಯಲ್

ನಮ್ಮ ಮನೆಯಲ್ಲಿ ಒಬ್ಬಳು ನನ್ನನ್ನು ಮೊದಲು ಚಿಕ್ಕಮ್ಮ ಅನ್ನುತ್ತಿದ್ದಳು, ಈಗ ಅಮ್ಮ ಅನ್ನುತ್ತಾಳೆ. ಒಬ್ಬ ಹುಟ್ಟಿದಾಗಿನಿಂದ ಅಮ್ಮ ಅನ್ನುತ್ತಾನೆ. ಇನ್ನೊಬ್ಬಳಿಗೆ ನಾನು ಅತ್ತೆ. ಕೊನೆಯವನಿಗೆ ಏನು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಬೆಳಗ್ಗೆ ಆತುರದಲ್ಲಿ ಯಾರು ಏನೆಂದು ಕೂಗಿದರೂ ದೋಸೆ ತಿರುವಿ ಹಾಕುವವಳು ನಾನೇ.

ನಾನು ತಿಪಟೂರಿನಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. 2008ರಲ್ಲಿ ನಮ್ಮ ಮದುವೆ ಆದಾಗ ಅವರ ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷ ಆಗಿತ್ತು. ಆರು ವರ್ಷದ ಮಗಳಿದ್ದಳು. 2010ರಲ್ಲಿ ನನಗೆ ಮಗ ಹುಟ್ಟಿದ. 2021ರ ಮೇನಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ, ನನ್ನ ತಮ್ಮ ಹೋದ. ಒಂಬತ್ತು ದಿನಕ್ಕೆ ಅವನ ಹೆಂಡತಿಯೂ ಹೋದಳು. ಒಂಬತ್ತು ವರ್ಷದ ಹುಡುಗಿ, ನಾಲ್ಕು ವರ್ಷದ ಹುಡುಗ ಉಳಿದರು. ಹೀಗೆ ನಾಲ್ಕಾದವು.

ದೊಡ್ಡವಳ ವಿಷಯದಿಂದ ಶುರು ಮಾಡುತ್ತೇನೆ. ಮದುವೆ ಆದ ವಾರವೇ ನಮ್ಮತ್ತೆ ಅವಳನ್ನು ನನ್ನ ಮುಂದೆ ನಿಲ್ಲಿಸಿ "ಇವಳು ನಿನ್ನ ಚಿಕ್ಕಮ್ಮ ಕಣೇ" ಅಂದರು. ಒಳ್ಳೆಯ ಮನಸ್ಸಿಂದಲೇ ಹೇಳಿದ್ದು. ಆದರೆ ಚಿಕ್ಕಮ್ಮ ಅಂದರೆ ತಾಯಿಯ ತಂಗಿಯೂ ಆಗಬಹುದು, ಮಲತಾಯಿಯೂ ಆಗಬಹುದು ಅಲ್ವಾ? ಬೀದಿಯವರಿಗೆಲ್ಲ ಎರಡನೇ ಅರ್ಥವೇ ಕೇಳಿಸುತ್ತಿತ್ತು. ಬಟ್ಟೆ ಹೊಲಿಸಲು ಬಂದವರು ಅವಳ ತಲೆ ಸವರಿ "ಪಾಪ" ಅನ್ನುತ್ತಿದ್ದರು. ನನಗೆ ಆ ಮಾತು ಕಂಡರೆ ಆಗುತ್ತಿರಲಿಲ್ಲ. ಮಗುವಿಗೂ ಅದರ ರುಚಿ ಹತ್ತಿತ್ತು. ಹೋಮ್‌ವರ್ಕ್ ಮಾಡು ಅಂದರೆ ಪಕ್ಕದ ಮನೆ ಜಗಲಿಗೆ ಹೋಗಿ ಮುಖ ಸಣ್ಣದು ಮಾಡಿಕೊಂಡು ಕೂರುವಳು. ಅಲ್ಲಿ ಪಾಪ ಸಿಗುತ್ತಿತ್ತು, ಜೊತೆಗೆ ಚಕ್ಕುಲಿಯೂ. ಒಂದು ದಿನ ನಾನೇ ಹೋಗಿ "ಅಕ್ಕಾ, ಚಕ್ಕುಲಿ ಕೊಡಿ, ಪಾಪ ಮಾತ್ರ ಅನ್ನಬೇಡಿ" ಅಂದೆ. ಅವರಿಗೆ ಸಿಟ್ಟು ಬಂತು. ಆರು ತಿಂಗಳು ರವಿಕೆ ಬೇರೆ ಕಡೆ ಹೊಲಿಸಿದರು.

ಅಮ್ಮ ಅನ್ನು ಅಂತ ನಾನು ಅವಳಿಗೆ ಯಾವತ್ತೂ ಹೇಳಲಿಲ್ಲ. ಮಗ ತೊದಲಿ ಅಮ್ಮ ಅನ್ನಲು ಕಲಿತಾಗ ಅವನನ್ನು ಆಡಿಸುತ್ತಾ ಇವಳೂ ಅಂದಳು. ಮೊದಮೊದಲು ತಮಾಷೆಗೆ. ಆಮೇಲೆ ಅದೇ ಉಳಿಯಿತು.

ಅಷ್ಟಾದ ಮೇಲೆ ಇನ್ನೇನು ಕಷ್ಟ ಅಂದುಕೊಂಡಿದ್ದೆ. ಅವಳು ಒಂಬತ್ತನೇ ಕ್ಲಾಸಲ್ಲಿದ್ದಾಗ ಒಂದು ಸಂಜೆ ಮೆಷಿನ್ ಪಕ್ಕ ಬಂದು ನಿಂತಳು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಾಯಿ ಹೆಸರೂ ಬರುತ್ತದೆ, ತಪ್ಪಿದ್ದರೆ ಈಗಲೇ ಸರಿ ಮಾಡಿಸಿ ಅಂತ ಸ್ಕೂಲಲ್ಲಿ ಹೇಳಿದ್ದರಂತೆ. ಸೇರಿಸುವಾಗ ಇವರಪ್ಪ ನನ್ನ ಹೆಸರು ಬರೆಸಿದ್ದರು. "ಅಮ್ಮಾ, ನಮ್ಮಮ್ಮನ ಹೆಸರು ಹಾಕಿಸಲಾ?" ಅಂದಳು. ಒಂದೇ ಮಾತಿನಲ್ಲಿ ಎರಡು ಅಮ್ಮ. ನನಗೆ ಚುರುಕ್ ಅಂದಿತು, ಸುಳ್ಳು ಯಾಕೆ ಹೇಳಲಿ. ಕಾಲು ಪೆಡಲ್ ಮೇಲೇ ಇತ್ತು, ಹೊಲಿಗೆ ಸೊಟ್ಟಗೆ ಓಡಿ ಗಿರಾಕಿಯ ತೋಳು ಕೆಟ್ಟಿತು. ರಾತ್ರಿ ಕೂತು ಬಿಚ್ಚುವಾಗ ಯೋಚನೆ ಮಾಡಿದೆ. ಆ ಹೆಂಗಸು ಇವಳನ್ನು ಹೆತ್ತು ನಾಲ್ಕು ವರ್ಷ ಸಾಕಿದ್ದಾಳೆ. ಅವಳದು ಅಂತ ಉಳಿದಿರುವುದು ಒಂದು ಫೋಟೋ, ಒಂದು ಹೆಸರು. ಜನನ ಪ್ರಮಾಣ ಪತ್ರದ ನಕಲು ತರಲು ಮರುದಿನ ನಗರಸಭೆಗೆ ಹೋದವಳು ನಾನೇ. 2018ರಲ್ಲಿ ಬಂದ ಅಂಕಪಟ್ಟಿಯಲ್ಲಿ ಅವಳ ತಾಯಿಯ ಹೆಸರಿದೆ. ಮನೆಯ ಬೀರುವಿನಲ್ಲಿ ಅದನ್ನು ಜೋಪಾನ ಮಾಡಿರುವವಳೂ ನಾನೇ.

ತಮ್ಮನ ಮಕ್ಕಳ ವಿಷಯದಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಹನ್ನೊಂದನೇ ದಿನ ದೊಡ್ಡವರೆಲ್ಲ ಕೂತು ಹಂಚಿದರು. ಹುಡುಗ ಕಡೂರು ಕಡೆ ಇರುವ ತಾಯಿಯ ತವರಿಗೆ, ಹುಡುಗಿ ನನ್ನ ಹತ್ತಿರ. ಒಂದೊಂದು ಮಗು ಆದರೆ ಯಾರಿಗೂ ಭಾರ ಆಗಲ್ಲ ಅಂತ ಲೆಕ್ಕ. ನಾನೂ ತಲೆ ಆಡಿಸಿದೆ. ಪುಟ್ಟಿ ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಊಟ ಮಾಡುವಾಗ ಮಾತ್ರ ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದಳು. ಹಸಿವಿಲ್ಲ ಅನ್ನುವಳು. ಸುಮಾರು ಐದು ತಿಂಗಳಾದ ಮೇಲೆ ನನ್ನ ಮಗ ಬಂದು ಹೇಳಿದ: "ಅಮ್ಮಾ, ಅವಳು ಚಪಾತಿ ಪೇಪರಲ್ಲಿ ಸುತ್ತಿ ಬ್ಯಾಗಲ್ಲಿ ಇಡ್ತಾಳೆ. ತಮ್ಮ ಬಂದ್ರೆ ಬೇಕಾಗತ್ತೆ ಅಂತಾಳೆ." ಬ್ಯಾಗು ತೆಗೆದು ನೋಡಿದೆ. ಬೂಸಲು ಹಿಡಿದ ಮೂರು ಚಪಾತಿ, ಅರ್ಧ ಪ್ಯಾಕೆಟ್ ಬಿಸ್ಕತ್ತು. ಆ ಭಾನುವಾರವೇ ಕಡೂರಿಗೆ ಹೋದೆವು. ಹುಡುಗನ ಅಜ್ಜಿ ಕೊಡಲು ಒಪ್ಪಲಿಲ್ಲ, ಅವರ ಸಂಕಟವೂ ಸಣ್ಣದಲ್ಲ, ಮಗಳನ್ನು ಕಳೆದುಕೊಂಡವರು. ಬೇಸಿಗೆ ರಜ, ದಸರಾ ರಜ ಎರಡಕ್ಕೂ ಇಬ್ಬರನ್ನೂ ಒಟ್ಟಿಗೇ ಕಳಿಸುತ್ತೇನೆ ಅಂತ ಮಾತು ಕೊಟ್ಟು ಕರೆತಂದೆ. ಆ ಮಾತು ಒಂದು ಸಲವೂ ತಪ್ಪಿಸಿಲ್ಲ.

ಕಾಗದದ ಕೆಲಸ ಚಿಕ್ಕದಾಗಿ ಹೇಳಿಬಿಡುತ್ತೇನೆ, ಬೇಕಾದವರಿಗೆ ಉಪಯೋಗ ಆಗಲಿ. ಕೊರೊನಾದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ. ಕೇಂದ್ರದ ಪಿಎಂ ಕೇರ್ಸ್‌ನಲ್ಲಿ 23 ವರ್ಷ ತುಂಬಿದಾಗ 10 ಲಕ್ಷ. ಎರಡಕ್ಕೂ ತುಮಕೂರಿಗೆ ಓಡಾಡಿದೆವು. ದತ್ತು ತಗೊಳ್ಳೋಣ ಅಂತ ವಕೀಲರನ್ನು ಕೇಳಿದರೆ, 1956ರ ಹಿಂದೂ ದತ್ತು ಕಾಯ್ದೆಯಲ್ಲಿ ಮಗ ಇರುವವರು ಇನ್ನೊಬ್ಬ ಮಗನನ್ನು, ಮಗಳಿರುವವರು ಇನ್ನೊಬ್ಬ ಮಗಳನ್ನು ತಗೊಳ್ಳುವಂತಿಲ್ಲ ಅಂದರು. ನಮ್ಮಲ್ಲಿ ಎರಡೂ ಇದ್ದವು. ನೆಂಟರ ಮಕ್ಕಳನ್ನು ತಗೊಳ್ಳಲು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಬೇರೆ ದಾರಿ ಇದೆ ಅಂತಲೂ ಹೇಳಿದರು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ ಪುಟ್ಟಿ ರಾತ್ರಿ "ಅತ್ತೆ, ಹಾಗ್ ಮಾಡಿದ್ರೆ ನನ್ ಇನಿಷಿಯಲ್ ಹೋಗತ್ತಾ?" ಅಂದಳು. ಅದು ಅವಳಪ್ಪನ ಅಕ್ಷರ. ಫೈಲು ಅಲ್ಲಿಗೇ ಮುಚ್ಚಿದೆವು. ನಮ್ಮ ರೇಷನ್ ಕಾರ್ಡ್ ನೋಡಿದವರು ಒಂದೇ ಮನೆಯಲ್ಲಿ ಎರಡು ಇನಿಷಿಯಲ್ ಯಾಕೆ ಅಂತ ಕೇಳುತ್ತಾರೆ. ಕೇಳಲಿ.

ಮಕ್ಕಳ ದುಡ್ಡಿಗೆ ಬೇರೆ ಪಾಸ್‌ಬುಕ್, ಬೇರೆ ನೋಟ್‌ಬುಕ್ ಇಟ್ಟಿದ್ದೇನೆ. ಯಾವ ತಿಂಗಳು ಯಾವ ಫೀಸು, ಯಾವ ಔಷಧಿ, ಎಲ್ಲ ಬರೆದಿದೆ. "ದುಡ್ಡಿನ ಆಸೆಗೆ ಇಟ್ಕೊಂಡಿದ್ದಾಳೆ" ಅನ್ನುವ ಮಾತು ಬಂದೇ ಬರುತ್ತದೆ, ಬಂತು ಕೂಡ. ಆದರೆ ನೋಟ್‌ಬುಕ್ ಇಟ್ಟಿರುವುದು ಅವರಿಗೆ ತೋರಿಸಲು ಅಲ್ಲ. ನಾಳೆ ಈ ಇಬ್ಬರು ಕೇಳಿದರೆ ಕೊಡಬೇಕಲ್ಲ.

ಎಲ್ಲರಿಗೂ ಒಂದೇ ಸಮ ಮಾಡಬೇಕು ಅನ್ನುವ ಹುಚ್ಚು ನನಗೂ ಇತ್ತು. ಒಂದು ಯುಗಾದಿಗೆ ಒಂದೇ ತಾನಿನ ಬಟ್ಟೆಯಲ್ಲಿ ನಾಲ್ವರಿಗೂ ಹೊಲಿದೆ. ಇಬ್ಬರಿಗೆ ಚೂಡಿದಾರ್, ಇಬ್ಬರಿಗೆ ಶರ್ಟು. ಅಷ್ಟೊತ್ತಿಗೆ ಡಿಗ್ರಿ ಓದುತ್ತಿದ್ದ ದೊಡ್ಡವಳು ಕನ್ನಡಿ ನೋಡಿಕೊಂಡು "ಬ್ಯಾಂಡ್‌ಸೆಟ್‌ನವರ ಥರ ಕಾಣ್ತೀವಲ್ಲಮ್ಮ" ಅಂದಳು. ಆ ಚೂಡಿದಾರ್ ಈಗ ಮಿಕ್ಸಿ ಮುಚ್ಚುವ ಕವರ್ ಆಗಿದೆ.

ಬಟ್ಟೆಯ ವಿಷಯ ನಗೆಯಲ್ಲಿ ಹೋಯಿತು, ಸ್ಕೂಲಿನದು ಹೋಗಲಿಲ್ಲ. ನನ್ನ ಮಗ ಖಾಸಗಿ ಶಾಲೆಯಲ್ಲಿದ್ದ. ತಮ್ಮನ ಮಕ್ಕಳನ್ನು ಸರ್ಕಾರಿ ಶಾಲೆಗೆ ಹಾಕಿದ್ದೆವು. ಹಾಲು, ಮೊಟ್ಟೆ, ಬಿಸಿಯೂಟ ಇತ್ತು, ಮೇಡಂ ಕೂಡ ಒಳ್ಳೆಯವರು. ಆದರೆ ಒಂದೇ ಬಾಗಿಲಿಂದ ಒಬ್ಬ ಟೈ ಕಟ್ಟಿಕೊಂಡು, ಇಬ್ಬರು ಟೈ ಇಲ್ಲದೆ ಹೊರಡುವುದು ನನಗೇ ನೋಡಲು ಆಗುತ್ತಿರಲಿಲ್ಲ. ಮೂವರಿಗೂ ಫೀಸು ಕಟ್ಟುವ ಶಕ್ತಿ ಇಲ್ಲ. 2023ರಲ್ಲಿ ಕೊಬ್ಬರಿ ಬೇರೆ ಬಿದ್ದುಹೋಯಿತು. ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದರೂ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸು. ಮಂಡಿಯಲ್ಲಿ ಸಂಬಳ ತಡವಾಗುತ್ತಿತ್ತು. ಎಂಟನೇ ಕ್ಲಾಸಿಗೆ ಮಗನನ್ನೂ ಸರ್ಕಾರಿ ಹೈಸ್ಕೂಲಿಗೆ ಸೇರಿಸಿದೆವು. ಮೂರು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ "ಅವರ ಅಪ್ಪ ಅಮ್ಮ ಹೋಗಿದ್ದಕ್ಕೆ ನನ್ನ ಸ್ಕೂಲ್ ಯಾಕೆ ಹೋಗ್ಬೇಕು?" ಅಂದ. ಕೊಬ್ಬರಿ ರೇಟು ಕಾರಣ ಅಂತ ಹೇಳಿದೆ. ಅದು ಅರ್ಧ ನಿಜ, ಅವನಿಗೂ ಗೊತ್ತು. ಈಗ ಚೆನ್ನಾಗಿಯೇ ಓದುತ್ತಾನೆ. ಆದರೂ ಅವತ್ತು ಸರಿ ಮಾಡಿದೆನಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಕಡೆ ತಮ್ಮನ ಮಗಳು ಅಂದರೆ ಸೊಸೆ. ಪುಟ್ಟಿ ಬಂದ ವರ್ಷದಿಂದಲೇ ನೆಂಟರು ಶುರು ಮಾಡಿದರು, "ಸೊಸೇನ ಚಿಕ್ಕವಯಸ್ಸಿಗೇ ಮನೆ ತುಂಬಿಸ್ಕೊಂಡಿದ್ದೀಯಾ ಬಿಡು" ಅಂತ. ನಗುತ್ತಲೇ ಅನ್ನುವುದು. ಆದರೆ ನನ್ನ ಮಗ ಆ ಮಾತು ಕೇಳಿದ ಮೇಲೆ ಅವಳ ಪಕ್ಕ ಕೂತು ಲೆಕ್ಕ ಹೇಳಿಕೊಡುವುದು ಬಿಟ್ಟ. ಅವಳು ಅವನ ಮುಂದೆ ಊಟಕ್ಕೆ ಕೂರುವುದು ಬಿಟ್ಟಳು. ಅಣ್ಣ ತಂಗಿ ಥರ ಬೆಳೆಯುತ್ತಿರುವ ಮಕ್ಕಳು! ಒಂದು ಗೃಹಪ್ರವೇಶದಲ್ಲಿ, ಎಲೆ ಮುಂದೆ ಎಲ್ಲರೂ ಕೂತಿದ್ದಾಗ, ಮತ್ತೆ ಅದೇ ಮಾತು ಬಂತು. "ದೊಡ್ಡಮ್ಮ, ಇನ್ನೊಂದು ಸಲ ಹಾಗಂದ್ರೆ ನಾವು ಐದು ಜನನೂ ಎಲೆ ಬಿಟ್ಟು ಏಳ್ತೀವಿ" ಅಂದೆ. ಪಂಕ್ತಿಯೇ ತಣ್ಣಗಾಯಿತು. ಯಜಮಾನರು ಆಮೇಲೆ "ಸ್ವಲ್ಪ ಜಾಸ್ತಿ ಆಯ್ತು" ಅಂದರು. ಇರಬಹುದು. ಅವತ್ತಿಂದ ನಮ್ಮೆದುರು ಯಾರೂ ಆ ಮಾತು ಎತ್ತಿಲ್ಲ. ಲೆಕ್ಕ ಹೇಳಿಕೊಡುವುದು ಮತ್ತೆ ಶುರುವಾಯಿತು, ಜೊತೆಗೆ ಜಗಳವೂ.

ದೊಡ್ಡವಳು ಈಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. ಮನೆಯಲ್ಲಿ ನಡೆಯುತ್ತಿರುವ ಹೊಸ ಜಗಳ ಚಿಕ್ಕವನದು. ಅವನಿಗೆ ಈಗ ಎಂಟು ವರ್ಷ. ಹೆತ್ತವರ ಮುಖ ಅಷ್ಟಾಗಿ ನೆನಪಿಲ್ಲ. ನನ್ನನ್ನು ಅಮ್ಮ ಅನ್ನುತ್ತಾನೆ. ಅಂದ ತಕ್ಷಣ ಪುಟ್ಟಿ ಅವನ ತೋಳು ಚಿವುಟಿ "ಅತ್ತೆ ಅನ್ನೋ" ಅನ್ನುತ್ತಾಳೆ. ನಾನು ಯಾರ ಪರವೂ ಮಾತಾಡುವುದಿಲ್ಲ. ಎರಡಕ್ಕೂ ಓ ಅನ್ನುತ್ತೇನೆ.

ಈ ಸಲ ಗೌರಿ ಹಬ್ಬದ ದಿನ ನಾನು ಬಾಗಿನದ ಮೊರ ಜೋಡಿಸುತ್ತಾ ಕೂತಿದ್ದೆ. ತಮ್ಮ ಇದ್ದಾಗ ಹಬ್ಬಕ್ಕೆ ಮುಂಚೆ ತವರಿನ ಅರಿಶಿನ ಕುಂಕುಮದ ದುಡ್ಡು ತಪ್ಪದೆ ಬರುತ್ತಿತ್ತು. ನಾಲ್ಕು ವರ್ಷದಿಂದ ಇಲ್ಲ. ಪುಟ್ಟಿ ಚಿಕ್ಕವನನ್ನು ಎಳೆದುಕೊಂಡು ಬಂದಳು. ಅವನ ಕೈಯಲ್ಲಿ ಎರಡು ವೀಳ್ಯದೆಲೆ, ಮೇಲೆ ಅವರ ಡಬ್ಬಿಯ ನೂರು ರೂಪಾಯಿ ನೋಟು.

"ಅತ್ತೆ ಅಂತ ಹೇಳಿ ಕೊಡು. ಅಮ್ಮ ಅಂದ್ರೆ ಕೊಡೋ ಹಾಗಿಲ್ಲ ಕಣೋ. ಅತ್ತೆ ಆದ್ರೆ ಮಾತ್ರ ತವರಿಂದ ಕೊಡೋದು."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಅತ್ತೆ, ತಗೋ" ಅಂದ. ನಾನು ಸೆರಗೊಡ್ಡಿ ತಗೊಂಡೆ. ಅಕ್ಕ ಅತ್ತ ತಿರುಗಿದ್ದೇ ತಡ, ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಅಮ್ಮಾ, ಅದರಲ್ಲಿ ಇಪ್ಪತ್ತು ರೂಪಾಯಿ ನಂಗೆ ವಾಪಸ್ ಕೊಡ್ತೀಯಾ?"