‘ಈಗ ಟಕ್ ಅಂತ ಸದ್ದಾಗುತ್ತೆ, ಅದು ಹಲ್ಲು’

ಮೂಳೆಯೊಳಗೆ ಅಡ್ಡ ಮಲಗಿದ ಬುದ್ಧಿಹಲ್ಲು ಇಕ್ಕಳ ಹಾಕಿ ಎಳೆದರೆ ಬರುವುದಿಲ್ಲ. ವಸಡು ಕೊಯ್ದು ಬಿಡಿಸಬೇಕು, ಸ್ವಲ್ಪ ಮೂಳೆ ಕೊರೆಯಬೇಕು, ಹಲ್ಲನ್ನು ತುಂಡು ಮಾಡಿ ಒಂದೊಂದಾಗಿ ತೆಗೆಯಬೇಕು. ಇಷ್ಟು ಕೇಳಿದರೇ ಜನ ಬೆವರುತ್ತಾರೆ. ಅದಕ್ಕೇ ಮೊದಮೊದಲು ನಾನು ಏನನ್ನೂ ಬಿಡಿಸಿ ಹೇಳುತ್ತಿರಲಿಲ್ಲ. “ಏನೂ ಆಗಲ್ಲ, ಸುಮ್ನೆ ಮಲಗಿ” ಅನ್ನುತ್ತಿದ್ದೆ.

ಒಂದು ದಿನ ಕಾಲೇಜು ಹುಡುಗಿಯೊಬ್ಬಳ ಕೆಳದವಡೆಯ ಹಲ್ಲು ಸೀಳುವಾಗ ‘ಟಕ್’ ಅಂತ ಸದ್ದಾಯಿತು. ಬೆಚ್ಚಿಬಿದ್ದು ನನ್ನ ಮಣಿಕಟ್ಟು ಹಿಡಿದುಕೊಂಡಳು. “ನೋವಾಯ್ತಾ?” ಅಂದೆ. ಇಲ್ಲ ಅಂತ ತಲೆಯಾಡಿಸಿದಳು, ಆದರೆ ಕಣ್ಣಲ್ಲಿ ನೀರು. ದವಡೆಯೇ ಮುರಿಯಿತು ಅಂದುಕೊಂಡಿದ್ದಳು. ಒಂದು ಮಾತು ಮೊದಲೇ ಹೇಳಿದ್ದರೆ ಆ ಭಯ ಇರುತ್ತಿರಲಿಲ್ಲ ಅಲ್ವಾ?

ಈಗ ಎಲ್ಲ ಹೇಳಿಯೇ ಶುರು ಮಾಡುತ್ತೇನೆ. ಇಂಜೆಕ್ಷನ್ ಕೊಟ್ಟು ಕಾಯುತ್ತೇನೆ. ಆ ಕಡೆಯ ಅರ್ಧ ಕೆಳತುಟಿ ಮರಗಟ್ಟಿ, ದಪ್ಪ ಆದಂತೆ ಅನಿಸಬೇಕು. ವಸಡು ಚುಚ್ಚಿ ನೋಡದೆ ಮುಂದೆ ಹೋಗುವುದಿಲ್ಲ. “ಒತ್ತಿದ್ದು ಗೊತ್ತಾಗುತ್ತೆ, ಡ್ರಿಲ್ ಸದ್ದು ತಲೆಯೊಳಗೇ ಕೇಳಿದ ಹಾಗಿರುತ್ತೆ. ಚುರುಕ್ ಅನ್ನೋ ನೋವು ಮಾತ್ರ ಬರಬಾರದು. ಬಂದರೆ ಎಡಗೈ ಎತ್ತಿ, ನಿಲ್ಲಿಸಿ ಮತ್ತೆ ಇಂಜೆಕ್ಷನ್ ಕೊಡ್ತೀನಿ.” ಸೀಳುವ ಮುಂಚೆ ಮತ್ತೆ ಎಚ್ಚರಿಸುತ್ತೇನೆ.

ಎಕ್ಸ್‌ರೇಯಲ್ಲಿ ಬೇರು ನರಕ್ಕೆ ತಾಗಿದಂತೆ ಕಂಡರೆ ಅದನ್ನೂ ಮುಚ್ಚಿಡುವುದಿಲ್ಲ. ಆ ನರಕ್ಕೆ ಪೆಟ್ಟಾದರೆ ತುಟಿಯ ಜೋಮು ಕೆಲವರಿಗೆ ವಾರಗಟ್ಟಲೆ ಉಳಿಯಬಹುದು, ಅಪರೂಪಕ್ಕೆ ಕಾಯಂ ಆಗಿಯೂ ಉಳಿಯುತ್ತದೆ. ಒಪ್ಪಿಗೆ ಕೊಡುವ ಮೊದಲು ಇದು ಗೊತ್ತಿರಲೇಬೇಕು.

ಹೊಲಿಗೆ ಹಾಕಿದ ಮೇಲೆ ಬಟ್ಟೆಯ ಪ್ಯಾಡನ್ನು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಗಾಯದ ಗುಳಿಯಲ್ಲಿ ಹೆಪ್ಪುಗಟ್ಟುವ ರಕ್ತವೇ ಮೂಳೆಗೆ ಹೊದಿಕೆ. ಉಗಿದರೆ, ಸ್ಟ್ರಾ ಹಾಕಿ ಹೀರಿದರೆ ಅದು ಕಿತ್ತು ಬರಬಹುದು. ಸಿಗರೇಟಂತೂ ಬೇಡವೇ ಬೇಡ. ಉಪ್ಪುನೀರಿನಲ್ಲಿ ಬಾಯಿ ತೊಳೆಯುವುದು 24 ಗಂಟೆ ಕಳೆದ ಮೇಲೆ, ಅದೂ ಮೆಲ್ಲಗೆ.

ಊತ ಎರಡು, ಮೂರನೇ ದಿನ ಜಾಸ್ತಿಯಾಗುತ್ತದೆ. ಕನ್ನಡಿ ನೋಡಿ ಗಾಬರಿಯಾಗಬೇಡಿ, ಆಮೇಲೆ ಇಳಿಯುತ್ತದೆ. ಆದರೆ ಕಡಿಮೆಯಾಗುತ್ತಿದ್ದ ನೋವು ಮೂರು, ನಾಲ್ಕನೇ ದಿನ ಮತ್ತೆ ಏರಿ ಕಿವಿವರೆಗೂ ಎಳೆದರೆ ಹೆಪ್ಪು ಕಳಚಿರಬಹುದು. ಮಾತ್ರೆ ನುಂಗುತ್ತಾ ಮನೆಯಲ್ಲೇ ಕೂರಬೇಡಿ, ಬನ್ನಿ. ಗುಳಿ ತೊಳೆದು ಔಷಧಿ ಇಟ್ಟರೆ ಸಾಮಾನ್ಯವಾಗಿ ಬೇಗನೇ ಹಾಯೆನಿಸುತ್ತದೆ.

ಮೂರನೇ ದಿನ ನಾನೇ ಫೋನ್ ಮಾಡುತ್ತೇನೆ. ಮೊದಲು ಕೇಳುವುದು ನಿನ್ನೆಗಿಂತ ನೋವು ಕಡಿಮೆಯಾ, ಜಾಸ್ತಿಯಾ ಅಂತ. ಆಮೇಲೆ, ಬಾಯಿ ಎಷ್ಟು ತೆರೆಯುತ್ತಿದೆ ಅಂತ ತಿಳಿಯೋಕೆ, ಬಾಯೊಳಗೆ ಎಷ್ಟು ಬೆರಳು ಹೋಗುತ್ತೆ ಅಂತ.