ಕಬ್ಬಿನ ಹಂಗಾಮು ಮುಗಿದ ಮೇಲೆ ಟರ್ಬೊ ಟ್ರ್ಯಾಕ್ಟರ್ ಬಿಚ್ಚಿ ನೋಡುವುದು ಹೇಗೆ?

ಕಾರ್ಖಾನೆಗೆ ಕೊನೆಯ ಟ್ರಿಪ್ ಹಾಕಿ ಬಂದ ದಿನ ಟ್ರ್ಯಾಕ್ಟರ್ ತೊಳೆದು, ಕಾಯಿ ಒಡೆದು, ಬೇವಿನ ಮರದ ಕೆಳಗೆ ನಿಲ್ಲಿಸಿಬಿಡುತ್ತೇವೆ. ಮುಧೋಳ, ಜಮಖಂಡಿ ಕಡೆ ಎಲ್ಲರ ಮನೆಯಲ್ಲೂ ಇದೇ. ನವೆಂಬರ್‌ನಿಂದ ಎರಡೆರಡು ಟ್ರೇಲರ್ ಕಬ್ಬು ಎಳೆದ ಎಂಜಿನ್ ಅದು. ಅದರ ನೆನಪು ಮತ್ತೆ ಬರುವುದು ರೆಂಟೆ ಹೂಡುವ ದಿನವೇ. ಆಗ ಕರಿ ಹೊಗೆ, ಎಳೆತ ಇಲ್ಲ, ಮಿಸ್ತ್ರಿ ಬಂದು "ಟರ್ಬೊ ಹೋಗೇತ್ರಿ" ಅನ್ನುತ್ತಾನೆ. ಟರ್ಬೊ ಅಂದರೆ ಎಂಜಿನ್ ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್ ಒಳಗೆ ಗಾಳಿ ಒತ್ತಿ ತುಂಬುವ ಚಕ್ರ. ಅದು ತಾನಾಗೇ ಹೋಗುವುದು ಕಡಿಮೆ. ಧೂಳು ಅಥವಾ ಕೆಟ್ಟ ಆಯಿಲ್ ಅದನ್ನು ಕೊಲ್ಲುತ್ತದೆ. ಕಾರಣ ಹುಡುಕದೆ ಹೊಸದು ಕೂರಿಸಿದರೆ ಅದೂ ಹೋಗುತ್ತದೆ.

ಮೊದಲು ಆಯಿಲ್. ಎಂಜಿನ್ ಬಿಸಿ ಮಾಡಿ ಹಳೆಯದನ್ನು ಇಳಿಸಿ, ಫಿಲ್ಟರ್ ಬದಲಿಸಿ. "ಹೇಗೂ ನಿಂತಿರುತ್ತದೆ, ಮುಂದಿನ ಹಂಗಾಮಿಗೆ ಹಾಕೋಣ" ಅನ್ನಬೇಡಿ. ಸುಟ್ಟ ಆಯಿಲ್‌ನಲ್ಲಿ ಆಮ್ಲ ಸೇರಿರುತ್ತದೆ, ಅದು ಬೇರಿಂಗ್ ಮೇಲೆ ತಿಂಗಳುಗಟ್ಟಲೆ ಕೂರಬಾರದು. ಕ್ಯಾನ್ ಸೀಲ್ ಇರುವ ಆಯಿಲ್ ಮಾತ್ರ ತನ್ನಿ, ಡಬ್ಬಿಗೆ ಸುರಿದು ಕೊಡುವ ಲೂಸ್ ಆಯಿಲ್ ಬೇಡವೇ ಬೇಡ.

ರೇಡಿಯೇಟರ್ ಜಾಲಿಯಲ್ಲಿ ರವದಿ (ಕಬ್ಬಿನ ಒಣ ಎಲೆ) ಸಿಕ್ಕಿರುತ್ತದೆ. ಫ್ಯಾನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ, ಸಾಕು.

ಏರ್ ಫಿಲ್ಟರ್‌ನಲ್ಲಿ ಜಾಸ್ತಿ ಜನ ತಪ್ಪು ಮಾಡುತ್ತಾರೆ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ, ಟೈರಿಗೆ ಬಡಿಯಬೇಡಿ. ಒಳಗಿನಿಂದ ಹೊರಕ್ಕೆ ಕಡಿಮೆ ಗಾಳಿ ಹಿಡಿಯಿರಿ. ಆಮೇಲೆ ಕತ್ತಲ ಕೋಣೆಯಲ್ಲಿ ಅದರೊಳಗೆ ಬ್ಯಾಟರಿ ದೀಪ ಇಟ್ಟು ನೋಡಿ. ಸೂಜಿಮೊನೆಯಷ್ಟು ಬೆಳಕು ಚುಚ್ಚಿ ಬಂದರೂ ಬಿಸಾಕಿ. ಒಳಗಿನ ಚಿಕ್ಕ ಫಿಲ್ಟರನ್ನು ಊದಬೇಡಿ, ಹೊಸದೇ ಹಾಕಿ.

ಈಗ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪ್ ಬಿಚ್ಚಿ. ಎಂಜಿನ್ ಪೂರ್ತಿ ತಣ್ಣಗಿರಲಿ. ಪೈಪನ್ನು ಬೆರಳಲ್ಲಿ ಒತ್ತಿ, ಬಗ್ಗಿಸಿ ನೋಡಿ. ಬಿರುಕು ಕಾಣುವುದು ಬಗ್ಗಿಸಿದಾಗಲೇ, ಅದೂ ಸಾಮಾನ್ಯವಾಗಿ ಕ್ಲಿಪ್ ಕೂರುವ ಜಾಗದಲ್ಲಿ. ನನ್ನ ಪೈಪಿನಲ್ಲಿ ಉಗುರಿನಷ್ಟು ಸೀಳು ಇತ್ತು. ಅದರ ಒಳಮೈಗೆ ಬೆರಳು ಆಡಿಸಿದರೆ ಎರಿ ಮಣ್ಣಿನ ನುಣುಪು ಪುಡಿ ಅಂಟಿಕೊಂಡು ಬಂತು. ಆ ಸೀಳಿನಿಂದ ಒಳಗೆ ಹೋದ ಧೂಳಿಗೆ ಯಾವ ಫಿಲ್ಟರೂ ಅಡ್ಡ ಇಲ್ಲ, ಅಲ್ವಾ? ಟರ್ಬೊ ಚಕ್ರ ನಿಮಿಷಕ್ಕೆ 1 ಲಕ್ಷ ಸುತ್ತು ದಾಟುತ್ತದೆ, ಆ ವೇಗದಲ್ಲಿ ಧೂಳು ಮರಳು ಕಾಗದದ ಹಾಗೆ ಅದರ ರೆಕ್ಕೆ ತಿನ್ನುತ್ತದೆ. ಸೀಳಿದ ಪೈಪಿಗೆ ಟೇಪ್ ಸುತ್ತಬೇಡಿ. ಹೊಸ ಪೈಪ್, ಹೊಸ ಕ್ಲಿಪ್ ತನ್ನಿ.

ಪೈಪ್ ತೆಗೆದಾಗ ಚಕ್ರ ಕಾಣುತ್ತದೆ. ರೆಕ್ಕೆಯ ಅಂಚು ಹರಿತವಾಗಿ, ಸರಿಸಮವಾಗಿ ಇರಬೇಕು. ಚಕ್ರದ ಮೂತಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ. ಸ್ವಲ್ಪ ಅಲ್ಲಾಡುತ್ತದೆ, ಹೆದರಬೇಡಿ. ಚಕ್ರ ಕೂತಿರುವ ಶಾಫ್ಟ್ (ದಂಡ) ಓಡುವುದು ಆಯಿಲ್ ಪದರದ ಮೇಲೆ ತೇಲಿಕೊಂಡು, ಅದಕ್ಕೆ ಅಷ್ಟು ಜಾಗ ಬೇಕು. ಇದನ್ನೇ ತೋರಿಸಿ ಟರ್ಬೊ ಬದಲಿಸಿ ಅನ್ನುವವರಿದ್ದಾರೆ, ಒಪ್ಪಬೇಡಿ. ಒಂದು ಬದಿಗೆ ಒತ್ತಿ ಹಿಡಿದು ತಿರುಗಿಸಿದಾಗ ರೆಕ್ಕೆ ಗೋಡೆಗೆ ತಾಗಿದರೆ, ಅಥವಾ ಹಿಂದೆ ಮುಂದೆ ಎಳೆದಾಗ ಆಟ ಕೈಗೆ ಗೊತ್ತಾದರೆ ಮಾತ್ರ ರಿಪೇರಿಗೆ ಬಂದಿದೆ ಅಂತ ಅರ್ಥ.

ಕಂಪ್ರೆಸರ್ ಗಾಳಿ ಹಿಡಿದು ಆ ಚಕ್ರವನ್ನು ಗಿರ್ರನೆ ತಿರುಗಿಸುವ ಹುಡುಗರನ್ನು ನೋಡಿದ್ದೇನೆ. ದಯವಿಟ್ಟು ತಡೆಯಿರಿ. ಆಯಿಲ್ ಇಲ್ಲದೆ ಅಷ್ಟು ಜೋರಾಗಿ ತಿರುಗಿದರೆ ಒಳ್ಳೆಯ ಬೇರಿಂಗೂ ಹಾಳು. ಚಾಕುವಿನಿಂದ ರೆಕ್ಕೆ ಕೆರೆಯುವುದೂ ಬೇಡ, ತೂಕ ಏರುಪೇರಾಗುತ್ತದೆ.

ಇನ್ನು ಟರ್ಬೊ ಮೇಲಿನ ಸಣ್ಣ ಆಯಿಲ್ ಪೈಪ್. ಬೋಲ್ಟ್ ತೆಗೆದು ತೂತು ನೋಡಿ, ಕರಿ ಕಟ್ಟಿದ್ದರೆ ಪೈಪೇ ಹೊಸದು ಹಾಕಿ. ತಾಮ್ರದ ವಾಷರ್ ಹಳೆಯದು ಬೇಡ. ಇಲ್ಲಿ ಸಿಲಿಕಾನ್ ಗಮ್ ಹಚ್ಚಲು ಬಿಡಬೇಡಿ. ನನ್ನ ಕಾಕಾನ ಗಾಡಿಗೆ ಹೊಸ ಟರ್ಬೊ ಕೂರಿಸಿದವರು ಗಮ್ ಹಚ್ಚಿದ್ದರು. ಅದರ ಚೂರು ಕಿತ್ತುಬಂದು ಆಯಿಲ್ ದಾರಿಗೆ ಅಡ್ಡ ಕೂತು, ವಾರ ತುಂಬುವ ಮೊದಲೇ ಶಾಫ್ಟ್ ಹಿಡಿದುಕೊಂಡಿತು.

ಆಯಿಲ್ ಪೈಪ್ ಜೋಡಿಸುವ ಮೊದಲು ಟರ್ಬೊದ ಆಯಿಲ್ ತೂತಿಗೆ ಒಂದಿಷ್ಟು ಹೊಸ ಆಯಿಲ್ ಹಾಕಿ, ಚಕ್ರವನ್ನು ಬೆರಳಲ್ಲಿ ನಾಲ್ಕು ಸುತ್ತು ತಿರುಗಿಸಿ. ಎಲ್ಲ ಕಟ್ಟಿದ ಮೇಲೆ ಸ್ಟಾಪ್ ಎಳೆದು ಹಿಡಿದು, ಎಂಜಿನ್ ಹತ್ತದ ಹಾಗೆ 10 ಸೆಕೆಂಡು ಸೆಲ್ಫ್ ಹೊಡೆಯಿರಿ. ನಿಲ್ಲಿಸಿ, ಮತ್ತೆ ಹೊಡೆಯಿರಿ. ಆಯಿಲ್ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಎಕ್ಸಲೇಟರ್ ಮುಟ್ಟಬೇಡಿ.

ಬ್ಯಾಟರಿಯ ಮೈನಸ್ ವೈರ್ ತೆಗೆದಿಡಿ. ಡೀಸೆಲ್ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದಲ್ಲಿ ನೀರು ಬೆವರುತ್ತದೆ.

ಟ್ರೇಲರ್ ಮರೆಯಬೇಡಿ. ಜಾಕ್ ಕೊಟ್ಟು ಗಾಲಿ ಅಲ್ಲಾಡಿಸಿ, ಆಟ ಇದ್ದರೆ ಹಬ್ ಬಿಚ್ಚಿ. ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆದು, ಒರೆಸಿ, ಒಂದೊಂದು ರೋಲರ್ ಬೆಳಕಿಗೆ ಹಿಡಿದು ನೋಡಿ. ನೀಲಿ ಕಲೆ ಅಥವಾ ಚುಕ್ಕಿ ಕಂಡರೆ ತೆಗೆದುಹಾಕಿ. ಚೆನ್ನಾಗಿದ್ದರೆ ಗ್ರೀಸನ್ನು ಅಂಗೈಯಲ್ಲಿಟ್ಟು, ರೋಲರ್‌ಗಳ ಸಂದಿಯಿಂದ ಆ ಕಡೆ ಹೊರಬರುವ ತನಕ ಒತ್ತಿ ತುಂಬಿ. ರೋಹಿಣಿ ಮಳೆಗೆ ಮುಂಚೆ ಇಷ್ಟು ಮುಗಿಸಿಕೊಳ್ಳಿ, ಆಮೇಲೆ ಹಬ್ ಒಳಗೆ ಕೆಸರು ನೀರು ಸೇರುತ್ತದೆ.